ಗುಮಾನಿ ಅಕ್ಕನ ಹಿಂಡಿ ಡಬ್ಬ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ದನೆಯ ಕೊಟ್ಟಿಗೆಯಲ್ಲಿ ಎರಡು ಸಾಲು ಹಸುಗಳು ಎದುರುಬದುರಾಗಿ ನಿಂತು ಮೆಲುಕು ಹಾಕುತ್ತಿವೆ. ರಬ್ಬರ್ ಬೂಟು ತೊಟ್ಟು, ತಲೆಗೆ ಬಟ್ಟೆ ಬಿಗಿದ ಹೆಂಗಸೊಬ್ಬರು ಒಂದು ಕೈಯಲ್ಲಿ ಜರಡಿ, ಇನ್ನೊಂದು ಕೈಯಲ್ಲಿ ನೀರಿನ ಮಗ್ಗು ಹಿಡಿದು ಹಸುಗಳ ಮುಂದಲ್ಲ, ಹಿಂದೆ ನಡೆಯುತ್ತಿದ್ದಾರೆ. ಒಂದು ಕಡೆ ನಿಂತು ಸೆಗಣಿಯನ್ನು ಬೂಟಿನ ತುದಿಯಿಂದ ಒತ್ತಿ ನೋಡುತ್ತಾರೆ. ಅದು ಕುಳಿತ ರೀತಿ ಹಿಡಿಸಲಿಲ್ಲವೋ ಏನೋ, ಒಂದು ಹಿಡಿ ಎತ್ತಿ ಜರಡಿಗೆ ಹಾಕಿ ನೀರು ಸುರಿದು ತೊಳೆಯುತ್ತಾರೆ. ಜರಡಿಯಲ್ಲಿ ಉಳಿದ ಕಾಳು, ಸಿಪ್ಪೆ, ನಾರನ್ನು ಬೆರಳಿನಿಂದ ಕೆದಕಿ ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ.

"ನಿನ್ನೆ ನಾನು ಕೊಟ್ಟಿದ್ದು ಇದರ ಹೊಟ್ಟೆಗೆ ಹೋಯ್ತಾ, ಇಲ್ಲಾ ನಡುವೆ ಯಾರಾದ್ರೂ ಕೈ ಹಾಕಿದ್ರಾ ಅಂತ ಇಲ್ಲೇ ಗೊತ್ತಾಗುತ್ತೆ. ಹಸು ಸುಳ್ಳು ಹೇಳಲ್ಲ. ಉಳಿದೋರ ವಿಷಯ ನನ್ನನ್ನ ಕೇಳಬೇಡಿ" ಎನ್ನುತ್ತಾರೆ. ಹೇಳಿ, ಕೇಳಿಸಿಕೊಂಡವರನ್ನೂ ಒಂದು ಸಲ ಅಳೆದು ನೋಡುತ್ತಾರೆ.

ಇವರೇ ಗುಮಾನಿ ಅಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಈ ಹೈನಿನ ಆವರಣದಲ್ಲಿ ಆ ಹೆಸರಿನಿಂದ ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ನೂರರ ಹತ್ತಿರ ಹಾಲು ಕೊಡುವ ಹಸುಗಳಿಗೆ ದಿನಕ್ಕೆರಡು ಹೊತ್ತು ಹಿಂಡಿ, ಬೂಸಾ, ಜೋಳದ ನುಚ್ಚು ಬೆರೆಸಿ ಕೊಡುವುದು ಅವರ ಕೆಲಸ. ಹಾಲಿನ ಪ್ಯಾಕೆಟ್ಟಿನ ಮೇಲೆ ಹಸುವಿನ ಚಿತ್ರವಿರುತ್ತದೆ, ಡೇರಿಯ ಹೆಸರಿರುತ್ತದೆ. ಆ ಹಸುವಿನ ಬಾಯಿಗೆ ಏನು ಬಿತ್ತು, ಎಷ್ಟು ಬಿತ್ತು ಎಂದು ತಲೆ ಕೆಡಿಸಿಕೊಂಡವರ ಬಗ್ಗೆ ಎಲ್ಲೂ ಒಂದಕ್ಷರ ಇರುವುದಿಲ್ಲ. ಅಕ್ಕನಿಗೆ ಅದರ ಬಗ್ಗೆ ಬೇಸರವೇನೂ ಇಲ್ಲ. ಹೆಸರು ಹಾಕುತ್ತೇವೆಂದು ಯಾರಾದರೂ ಬಂದರೆ ಯಾಕೆ ಹಾಕುತ್ತಾರೆ ಎಂಬ ಅನುಮಾನವೇ ಅವರಿಗೆ ಮೊದಲು ಹುಟ್ಟುವುದು.

ಪತ್ರಿಕೆಯವರು ಬಂದಾಗಲೂ ಹಾಗೆಯೇ ಆಯಿತು. ಗುರುತಿನ ಚೀಟಿ ಕೇಳಿದರು. ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ, ಫೋಟೋಗೂ ಮುಖಕ್ಕೂ ಹೊಂದಿಸಿ ನೋಡಿ, "ಇದರಲ್ಲಿ ಮೀಸೆ ಇದೆ" ಎಂದರು. ಬೋಳಿಸಿದ್ದು ಎಂದು ವಿವರಿಸಿದ ಮೇಲೂ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಕೊನೆಗೆ ಮಾತಾಡಲು ಒಪ್ಪಿದ್ದಕ್ಕೆ ಕಾರಣವನ್ನೂ ಅವರೇ ನೇರವಾಗಿ ಹೇಳಿದರು. "ನನ್ನನ್ನ ಹೊಗಳೋಕೆ ಬಂದಿದ್ರೆ ಈಗಲೇ ಎದ್ದು ಹೋಗಿ. ನನ್ನ ಮೈದುನನ ಮೇಲೆ ಈ ಆವರಣದಲ್ಲಿ ಕಳ್ಳ ಅಂತ ಒಂದು ಮಾತು ಅಂಟಿಕೊಂಡಿದೆ. ಅಂಟಿಸಿದ್ದು ನಾನು. ನಾನು ಬಾಯಲ್ಲಿ ಕೀಳೋಕೆ ಹೋದ್ರೆ ಯಾರೂ ಕೇಳ್ತಿಲ್ಲ. ಅಚ್ಚಲ್ಲಿ ಬಂದ್ರೆ ಕೇಳ್ತಾರೇನೋ."

ಆ ಮಾತು ಹೇಗೆ ಅಂಟಿತು ಎಂದು ತಿಳಿಯಬೇಕಾದರೆ ಅಕ್ಕನ ಜೊತೆ ಹಿಂಡಿ ಕೋಣೆಗೆ ಹೋಗಬೇಕು.

ಕೊಟ್ಟಿಗೆಯ ತುದಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ. ಗೋಡೆಗೆ ಆತು ಮೂಟೆಗಳ ಸಾಲು. ನಡುವೆ ಮೋಟಾರಿನಿಂದ ತಿರುಗುವ ಕಬ್ಬಿಣದ ದೊಡ್ಡ ಡ್ರಮ್ಮು. ಗಾಳಿಯ ತುಂಬ ಎಣ್ಣೆ ಹಿಂಡಿದ ಕಾಳಿನ ವಾಸನೆ, ಮೂಗಿಗೆ ಕಚಗುಳಿ ಇಡುವ ಬೂಸಾದ ಧೂಳು. ಅಕ್ಕ ಹೊಸ ಮೂಟೆಯೊಂದರ ಹೊಲಿಗೆ ಬಿಚ್ಚುತ್ತಾರೆ. ಬಿಚ್ಚುವ ಮೊದಲು ಹೊಲಿಗೆ ಮಿಷಿನ್ನಿನದೋ ಕೈಯದೋ ಎಂದು ನೋಡುತ್ತಾರೆ. ಕೈಹೊಲಿಗೆ ಇದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ ಎಂದರ್ಥ. ಮೊಣಕೈವರೆಗೆ ಕೈ ಇಳಿಸಿ, ಮೇಲಿನದಲ್ಲ, ಒಳಗಿನ ಹಿಂಡಿಯನ್ನು ತೆಗೆಯುತ್ತಾರೆ. ಮೂಸುತ್ತಾರೆ, ಅಂಗೈಯಲ್ಲಿ ಹಿಸುಕುತ್ತಾರೆ, ಚಿಟಿಕೆಯಷ್ಟನ್ನು ನಾಲಿಗೆಯ ಮೇಲಿಟ್ಟು ಅಗಿದು, ಮೂಲೆಗೆ ಉಗಿಯುತ್ತಾರೆ.

"ಬೂಷ್ಟು ಹಿಡಿದಿದ್ರೆ ಗಂಟಲಲ್ಲಿ ಕೆರೆಯುತ್ತೆ. ಮರಳು ಸೇರಿಸಿದ್ರೆ ಹಲ್ಲಿಗೆ ಸಿಗುತ್ತೆ. ಯೂರಿಯಾ ಬೆರೆಸಿದ್ರೆ ನಾಲಿಗೆ ತಣ್ಣಗಾಗಿ ಆಮೇಲೆ ಕಹಿ ಬರುತ್ತೆ" ಎನ್ನುವ ಅಕ್ಕ, "ಮನೇಲಿ ಅಡುಗೆ ಮಾಡಿದ್ರೂ ಹಿಂಗೇ ನೋಡ್ತಾಳೆ ಅಂತ ನನ್ನ ಗಂಡ ಬಯ್ತಾರೆ. ಬಯ್ಯಲಿ ಬಿಡಿ" ಎಂದು ಸೇರಿಸುತ್ತಾರೆ.

ಯೂರಿಯಾ ಎಂದರೆ ಹೊಲಕ್ಕೆ ಹಾಕುವ ಗೊಬ್ಬರವೇ. ಹಿಂಡಿಗೂ ಅದಕ್ಕೂ ಏನು ಸಂಬಂಧ ಎಂದರೆ, ಸಂಬಂಧ ಇರುವುದು ಮೋಸದಲ್ಲಿ. ಹಿಂಡಿಗೆ ಬೆಲೆ ಬರುವುದು ಅದರಲ್ಲಿರುವ ಪ್ರೋಟೀನಿನಿಂದ. ಸಾಮಾನ್ಯವಾಗಿ ಪ್ರೋಟೀನನ್ನು ಅಳೆಯುವ ಪರೀಕ್ಷೆ ಸಾರಜನಕವನ್ನು ಲೆಕ್ಕ ಹಾಕುತ್ತದೆಯೇ ಹೊರತು ಅದು ಕಾಳಿನಿಂದ ಬಂತೋ ಗೊಬ್ಬರದ ಚೀಲದಿಂದ ಬಂತೋ ಎಂದು ಕೇಳುವುದಿಲ್ಲ. ಹೊಟ್ಟಿಗೆ ಒಂದಷ್ಟು ಯೂರಿಯಾ ಸೇರಿಸಿದರೆ ಕಾಗದದ ಮೇಲೆ ಅದು ಉತ್ತಮ ಹಿಂಡಿಯೇ ಆಗಿಬಿಡುತ್ತದೆ.

ಅಕ್ಕ ಮೊದಲು ಕೆಲಸಕ್ಕಿದ್ದ ಇನ್ನೊಂದು ಕೊಟ್ಟಿಗೆಯಲ್ಲಿ ಹೀಗೆಯೇ ಆಗಿತ್ತು. ಆಗ ಅವರು ಸೆಗಣಿ ಬಾಚುವ ಕೆಲಸದವರು. ಹಿಂಡಿ ತಂದು ಹಾಕುತ್ತಿದ್ದ ವ್ಯಾಪಾರಿ ನಯವಾದ ಮಾತಿನವನು, ಬಂದಾಗಲೆಲ್ಲ ಯೋಗಕ್ಷೇಮ ವಿಚಾರಿಸುತ್ತಿದ್ದ. ಮೂಟೆ ಯಾಕೋ ಬೇರೆ ವಾಸನೆ ಬರುತ್ತಿದೆ ಎಂದು ಅವರಿಗೆ ಅನ್ನಿಸಿತ್ತು, ಕೇಳಿಯೂ ಕೇಳಿದರು. ಅವನು ನಕ್ಕು, ಹೊಸ ಕಾಳು ಅಕ್ಕಾ, ಹಂಗೇ ಇರುತ್ತೆ ಎಂದ. ಅದೇ ದಿನ ಮಧ್ಯಾಹ್ನ, ಅವರು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಚೊಚ್ಚಲ ಬಸುರಿ ಕಡಸು ಬಾಯಲ್ಲಿ ನೊರೆ ಕಾರಿ, ಕಾಲು ನಡುಗಿ ಬಿದ್ದಿತು. ಮತ್ತೆ ಏಳಲಿಲ್ಲ.

"ಅಕ್ಕಾ ಅಂದ, ನಂಬಿದೆ" ಎನ್ನುವಾಗ ಇಷ್ಟು ವರ್ಷಗಳ ನಂತರವೂ ಅವರ ಧ್ವನಿ ಒರಟಾಗುತ್ತದೆ. "ಅವತ್ತಿಂದ ಯಾರು ಅಕ್ಕಾ ಅಂದ್ರೂ ಮೊದಲು ಅವರ ಕೈ ನೋಡ್ತೀನಿ."

ಗುಮಾನಿ ಎಂಬ ಹೆಸರು ಅಲ್ಲಿಂದ ಬಂತು. ಈ ಆವರಣಕ್ಕೆ ಬಂದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಲಾರಿಯವನು ಬೇಗ ಬಂದರೆ ಯಾಕೆ ಬೇಗ ಬಂದ, ತಡವಾಗಿ ಬಂದರೆ ಎಲ್ಲಿ ನಿಂತಿದ್ದ. ಹಿಂಡಿ ಚೆನ್ನಾಗಿಲ್ಲದಿದ್ದರೆ ಜಗಳ, ಚೆನ್ನಾಗಿದ್ದರೆ ಇಷ್ಟು ಚೆನ್ನಾಗಿರಲು ಕಾರಣವೇನು ಎಂಬ ತನಿಖೆ. ಹಸುಗಳ ಕಿವಿಗೆ ಕೇಳುವಂತೆ ಸಿಳ್ಳೆ ಹೊಡೆಯುತ್ತಾ ಹಾಲು ಕರೆಯುವುದರಿಂದ ಸಿಳ್ಳೆ ಎಂದೇ ಹೆಸರಾದವನೊಬ್ಬ ಅಲ್ಲಿದ್ದಾನೆ. "ಅಕ್ಕನಿಗೆ ಟೀ ಕೊಟ್ರೆ ಮೊದಲು ನನ್ನ ಕೈಲಿ ಒಂದು ಗುಟುಕು ಕುಡಿಸ್ತಾರೆ. ನಾನು ಐದು ನಿಮಿಷ ಬದುಕಿದ್ರೆ ಆಮೇಲೆ ಅವರು ಕುಡೀತಾರೆ" ಎಂದು ಅವನು ರೇಗಿಸುತ್ತಾನೆ. ಅಕ್ಕ ನಗುವುದಿಲ್ಲ. ಟೀ ಮಾತ್ರ ಆರಿಸಿಕೊಂಡೇ ಕುಡಿಯುತ್ತಾರೆ.

ಇಷ್ಟೆಲ್ಲ ಗುಮಾನಿಯ ನಡುವೆ ಅವರು ಕಣ್ಣು ಮುಚ್ಚಿ ನಂಬಿದ್ದು ಒಂದನ್ನೇ. ಅದು ಅವರ ಹಿಂಡಿ ಡಬ್ಬ. ಹಿಡಿಕೆ ಇರುವ, ಮೂಲೆ ನೆಗ್ಗಿದ ಹಳೆಯ ತಗಡಿನ ಡಬ್ಬ. ಕೆಲಸಕ್ಕೆ ಸೇರಿದ ಮೊದಲ ವಾರ ಪಶುವೈದ್ಯರು ಅದರ ತುಂಬ ಹಿಂಡಿ ತುಂಬಿಸಿ, ತೂಗಿ, ಒಂದು ಡ್ರಮ್ಮಿಗೆ ಮೂರು ಡಬ್ಬ ಹಿಂಡಿ, ಉಳಿದದ್ದು ಇಷ್ಟಿಷ್ಟು ಎಂದು ಹೇಳಿಕೊಟ್ಟಿದ್ದರು. ಅಂದಿನಿಂದ ಅಕ್ಕ ಡಬ್ಬ ತುಂಬಿ, ಮರದ ಪಟ್ಟಿಯಿಂದ ಅಂಚಿನ ಮಟ್ಟಕ್ಕೆ ಗೀರಿ ಸಮ ಮಾಡಿಯೇ ಟಬ್ಬಿಗೆ ಹಾಕುವುದು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆ ಇಲ್ಲ. ಹಸುವಿನ ಮೇವಿನಲ್ಲಿ ನೂರಕ್ಕೆ ಹದಿನೆಂಟರಷ್ಟು ಪ್ರೋಟೀನು ಇರಬೇಕು ಎಂಬುದು ವೈದ್ಯರ ಲೆಕ್ಕ. ಅಕ್ಕನ ಲೆಕ್ಕ ಮೂರು ಡಬ್ಬ.

ಪ್ರೋಟೀನು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿಗೆ ಅವರ ಬಳಿ ಉತ್ತರ ಸಿದ್ಧವಿದೆ. "ಹಿಂಡಿ ಅಂದ್ರೆ ಇಟ್ಟಿಗೆ. ಜೋಳ ಅಂದ್ರೆ ಗೋಡೆ ಕಟ್ಟೋನಿಗೆ ಕೂಲಿ. ಇಟ್ಟಿಗೆ ರಾಶಿ ಸುರಿದು ಕೂಲಿ ಕೊಡದೆ ಇದ್ರೆ ಗೋಡೆ ಏಳುತ್ತಾ? ಆ ಇಟ್ಟಿಗೇನ ಹೊತ್ತು ಹೊರಗೆ ಹಾಕೋದ್ರಲ್ಲೇ ಅದರ ಜೀವ ಸವೆಯುತ್ತೆ." ಹೊರಗೆ ಹಾಕುವುದೆಂದರೆ ಮೂತ್ರದಲ್ಲಿ. ಆಗ ಕೊಟ್ಟಿಗೆಯಲ್ಲಿ ಕಣ್ಣು ಉರಿಯುವ ಘಾಟು ಏಳುತ್ತದೆ, ಸೆಗಣಿ ತೆಳ್ಳಗಾಗುತ್ತದೆ, ಹಸು ಗಬ್ಬ ನಿಲ್ಲುವುದು ತಪ್ಪುತ್ತದೆ.

ಕೆಲವು ತಿಂಗಳ ಹಿಂದೆ ಇವೆಲ್ಲವೂ ಒಂದರ ಹಿಂದೆ ಒಂದು ಶುರುವಾದವು.

ಮೊದಲು ಕಂಡದ್ದು ಅಕ್ಕನ ಜರಡಿಗೆ. ಸೆಗಣಿ ಬಿದ್ದಲ್ಲಿ ಗುಪ್ಪೆಯಾಗಿ ನಿಲ್ಲದೆ ಹರಿಯತೊಡಗಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ಘಾಟು. ಗಯ್ಯಾಳಿ ಎಂದು ಕರೆಸಿಕೊಳ್ಳುವ, ಎಲ್ಲರನ್ನೂ ಒದೆಯುವ ಹಸುವೊಂದು ಗಬ್ಬವಾಗಿದೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬೆದೆಗೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಕ್ಕ ಕೊಟ್ಟಿಗೆಯ ಯಜಮಾನರ ಬಳಿ ಹೋಗಿ ಹೇಳಿದರು. ಹಾಲು ಇಳಿದಿಲ್ಲವಲ್ಲ, ಒಂದು ಚೂರು ಏರಿಯೇ ಇದೆ, ಮತ್ತೇನು ತಕರಾರು ಎಂದು ಯಜಮಾನರು ಮಾತು ತೇಲಿಸಿದರು. ಗಬ್ಬ ನಿಲ್ಲದ ಹಸು ಇನ್ನು ಕೆಲವು ತಿಂಗಳಲ್ಲಿ ಬತ್ತುತ್ತದೆ, ಬತ್ತಿದ ಹಸುವನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅದು ಗಾಡಿ ಹತ್ತುತ್ತದೆ. ಇದು ಯಜಮಾನರಿಗೂ ಗೊತ್ತು. ಆದರೆ ಹಾಲು ಏರಿದ ದಿನ ಯಾರಿಗೂ ಆ ಯೋಚನೆ ಬೇಕಿರುವುದಿಲ್ಲ.

ಪಶುವೈದ್ಯರು ಬಂದು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಒಂದು ಸುತ್ತು ಹಾಕಿ, ಗೋದಲಿಯಿಂದ ಬೆರೆಸಿದ ಮೇವಿನ ಮಾದರಿ ತೆಗೆದುಕೊಂಡು ಹೋದರು. ಫಲಿತಾಂಶ ಬಂತು. ಪ್ರೋಟೀನು ಇಪ್ಪತ್ತೊಂದನ್ನು ದಾಟಿದೆ. ಯೂರಿಯಾ ಇಲ್ಲ, ಮೋಸ ಇಲ್ಲ, ಅಪ್ಪಟ ಹಿಂಡಿಯೇ ಹೆಚ್ಚು ಬಿದ್ದಿದೆ. ಅಕ್ಕನ ಅಳತೆ ಹೆಚ್ಚಾಗಲು ಸಾಧ್ಯವಿಲ್ಲ ಎಂಬುದರಲ್ಲಿ ವೈದ್ಯರಿಗೂ ಯಜಮಾನರಿಗೂ ಎರಡು ಮಾತಿರಲಿಲ್ಲ, ಅಕ್ಕನಿಗಂತೂ ಇರಲೇ ಇಲ್ಲ. ಹಾಗಾದರೆ ಅವರು ಹಾಕಿದ ಮೇಲೆ ಇನ್ಯಾರೋ ಕದ್ದು ಹಾಕುತ್ತಿದ್ದಾರೆ.

ಡ್ರಮ್ಮಿನ ಬಳಿ ಅಕ್ಕನನ್ನು ಬಿಟ್ಟರೆ ಇರುವುದು ಒಬ್ಬರೇ, ಅವರ ಮೈದುನ. ಗಂಡನ ತಮ್ಮ. ಅಕ್ಕ ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಶಾಲೆಗೆ ಹೋಗಲು ಹಟ ಮಾಡುತ್ತಿದ್ದ ಹುಡುಗ, ಈಗ ಇಬ್ಬರು ಮಕ್ಕಳ ತಂದೆ. ಅವರಿಗೆ ಈ ಕೆಲಸ ಕೊಡಿಸಿದ್ದೂ ಅಕ್ಕನೇ. ಅಕ್ಕ ಅಳೆದು ಟಬ್ಬಿಗೆ ಹಾಕಿದ್ದನ್ನು ಎತ್ತಿ ಡ್ರಮ್ಮಿಗೆ ಸುರಿದು, ಮೋಟಾರು ಹಾಕುವುದು ಅವರ ಪಾಲಿನದು. ಪಕ್ಕದಲ್ಲಿ ಹೊಸ ಕೊಟ್ಟಿಗೆ ಏಳುತ್ತಿದೆ, ಇಲ್ಲಿ ಹಾಲು ಏರಿಸಿ ತೋರಿಸಿದರೆ ಅದರ ಉಸ್ತುವಾರಿ ನಿನಗೇ ಎಂದು ಯಜಮಾನರು ಅವರಿಗೆ ಆಸೆ ಹುಟ್ಟಿಸಿದ್ದರು. ಒಂದು ದಿನ ಮಾತಿಗೆ ಮಾತು ಬಂದಾಗ, ಒಂದು ಡಬ್ಬ ಜಾಸ್ತಿ ಹಾಕಿದ್ರೆ ಏನಾಗುತ್ತೆ ಅತ್ತಿಗೆ ಎಂದು ಅವರು ಕೇಳಿದ್ದೂ ಉಂಟು. ಅಕ್ಕನಿಗೆ ಅಷ್ಟು ಸಾಕಾಯಿತು.

ಅಲ್ಲಿಂದ ಮುಂದಿನದು ಪೊಲೀಸರೂ ನಾಚುವಂಥ ಕಾವಲು. ಹಿಂಡಿ ಮೂಟೆಗಳ ಹೊಲಿಗೆಯ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಕೋಣೆಯ ನೆಲಕ್ಕೆ ಬೂಸಾ ಉದುರಿಸಿ ಹೆಜ್ಜೆ ಗುರುತು ಹುಡುಕಿದರು. ಮೂಟೆಗಳ ಸಂದಿಯಲ್ಲಿ ಬಗ್ಗಿ ಕುಳಿತು, ಧೂಳಿಗೆ ಸೀನು ಬಂದು ಸಿಕ್ಕಿಬಿದ್ದರು. ಮೈದುನ ಆ ಕಡೆಯಿಂದ ಇಣುಕಿ, "ಅಲ್ಲೇನು ಮಾಡ್ತಿದ್ದೀರಿ ಅತ್ತಿಗೆ?" ಎಂದು ಕೇಳಿದರೆ, "ಇಲಿ" ಎಂದರಂತೆ. ಮೈದುನ, "ಇಲಿ ನಾನೇನಾ?" ಎಂದು ಕೇಳಿ ಹೊರಗೆ ಹೋದರು.

ಆ ವಾರದಿಂದ ಮೈದುನ ಅಕ್ಕನ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟರು. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಓರಗಿತ್ತಿ ಬಟ್ಟೆ ಒಣಹಾಕಲು ಅಕ್ಕನ ತಂತಿಯನ್ನು ಬಿಟ್ಟು ಬೇರೆ ತಂತಿ ಕಟ್ಟಿಕೊಂಡರು. ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗಂಡ ಒಂದೇ ಮಾತು ಹೇಳಿದರು. "ಅವನು ಕದ್ದಿದ್ರೆ ನನ್ನ ಹತ್ರ ಹೇಳು, ಕೊಟ್ಟಿಗೇಲಿ ಹೇಳಬೇಡ." ಆದರೆ ಅಷ್ಟರಲ್ಲಿ ಕೊಟ್ಟಿಗೆಗೆಲ್ಲ ತಿಳಿದಿತ್ತು. ಅಕ್ಕ ಯಾರ ಹೆಸರನ್ನೂ ಎತ್ತಿರಲಿಲ್ಲ. ಅವರ ಕಣ್ಣು ಎಲ್ಲಿ ತಿರುಗುತ್ತಿದೆ ಎಂದು ನೋಡಿದರೆ ಸಾಕಿತ್ತು. ಸಿಳ್ಳೆ ಮೈದುನನ ಎದುರು ಸಿಳ್ಳೆ ಹೊಡೆಯುವುದನ್ನೇ ನಿಲ್ಲಿಸಿದ.

ಒಂದು ಬೆಳಿಗ್ಗೆ ಯಜಮಾನರು ಅಕ್ಕನನ್ನು ಕರೆಸಿದರು. ಹಸುಗಳ ಗಬ್ಬದ ಪರೀಕ್ಷೆ ಮುಗಿದಿತ್ತು, ಖಾಲಿ ಉಳಿದವುಗಳ ಸಂಖ್ಯೆ ಕೇಳಿ ಅವರಿಗೂ ಈಗ ಬಿಸಿ ತಟ್ಟಿತ್ತು. "ನೀನು ಒಂದು ಹೆಸರು ಹೇಳು, ಸಂಜೆಯೊಳಗೆ ಅವನು ಗೇಟಿನ ಹೊರಗಿರ್ತಾನೆ" ಎಂದರು.

"ಹೆಸರು ನಾಲಿಗೆ ತುದೀಲಿತ್ತು" ಎನ್ನುತ್ತಾರೆ ಅಕ್ಕ. "ಉಗುಳೋದೊಂದು ಬಾಕಿ. ಆದ್ರೆ ಹಿಂಡಿನಾದ್ರೂ ನಾನು ಅಗಿದು ನೋಡದೆ ಉಗಿಯಲ್ಲ. ಒಂದು ವಾರ ಕೊಡಿ ಅಂದೆ."

ಮೈದುನನನ್ನು ಹಿಡಿಯಲು ಅವರು ಹೂಡಿದ ಉಪಾಯ ಸರಳವಾಗಿತ್ತು. ಅವರನ್ನು ಕರುಗಳ ಕೊಟ್ಟಿಗೆಗೆ ಹಾಕಿಸಿದರು. ಹಿಂಡಿ ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡರು. ಅಳೆಯುವುದು, ಟಬ್ಬು ಎತ್ತುವುದು, ಡ್ರಮ್ಮು ತಿರುಗಿಸುವುದು, ಗೋದಲಿಗೆ ಹಂಚುವುದು ಎಲ್ಲವೂ ಅವರೊಬ್ಬರೇ. ವಾರದ ಕೊನೆಗೆ ವೈದ್ಯರು ಮತ್ತೆ ಮಾದರಿ ಒಯ್ಯಬೇಕು. ಪ್ರೋಟೀನು ಹದಿನೆಂಟಕ್ಕೆ ಇಳಿದಿದ್ದರೆ ಕಳ್ಳ ಯಾರೆಂದು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ. ಸೊಂಟ ಮುರಿಯುವ ಆ ವಾರವನ್ನು ಅಕ್ಕ ಹಲ್ಲು ಕಚ್ಚಿ ಮುಗಿಸಿದರು. ಗೆಲ್ಲುತ್ತೇನೆಂಬ ಖಾತರಿ ಇದ್ದುದರಿಂದ ನೋವು ಅಷ್ಟಾಗಿ ತಿಳಿಯಲಿಲ್ಲವಂತೆ.

ಫಲಿತಾಂಶ ಬಂದಾಗ ವೈದ್ಯರೇ ಫೋನು ಮಾಡಿದರು. ಪ್ರೋಟೀನು ಇಳಿದಿರಲಿಲ್ಲ. ಇದ್ದಲ್ಲೇ ಇತ್ತು.

ಅಕ್ಕ ಹಿಂಡಿ ಕೋಣೆಯಲ್ಲಿ ಮೂಟೆಯ ಮೇಲೆ ಕುಳಿತರು. ವ್ಯಾಪಾರಿ ಅಲ್ಲ, ಹಿಂಡಿ ಶುದ್ಧವಾಗಿದೆ. ಸಿಳ್ಳೆ ಅಲ್ಲ, ಅವನು ಈ ಬಾಗಿಲ ಹತ್ತಿರ ಸುಳಿದಿಲ್ಲ. ಮೈದುನ ಅಲ್ಲ. ಬೀಗದ ಕೈ ಇನ್ನೂ ಕೊರಳಲ್ಲೇ ಇದೆ. "ಅವತ್ತು ನನಗೆ ಅನುಮಾನ ಪಡೋಕೆ ಯಾರೂ ಉಳೀಲಿಲ್ಲ ನೋಡಿ. ಹಂಗೆ ಯಾವತ್ತೂ ಆಗಿರಲಿಲ್ಲ."

ಆಗ ಅವರಿಗೆ ಮೈದುನ ಒಮ್ಮೆ ಆಡಿದ್ದ ಮಾತೊಂದು ನೆನಪಾಯಿತು. ಹಳೆಯ ಗಿರಣಿ ಮುಚ್ಚಿ ಹೊಸ ಗಿರಣಿಯ ಹಿಂಡಿ ಬರಲು ಶುರುವಾದ ಹೊಸತು. ಟಬ್ಬು ಎತ್ತುವಾಗ ಅವರು, "ಅತ್ತಿಗೆ, ಯಾಕೋ ಮೊದಲಿಗಿಂತ ಭಾರ ಆಗಿದೆ" ಎಂದಿದ್ದರು. ಅಕ್ಕ ತಲೆಯನ್ನೂ ಎತ್ತದೆ, "ಭಾರ ಆಗಿರೋದು ಹಿಂಡಿಯಲ್ಲ, ನಿನ್ನ ಮೈ. ಸೋಮಾರಿತನ ಅಷ್ಟೇ" ಎಂದು ಬಾಯಿ ಮುಚ್ಚಿಸಿದ್ದರು. ಮೈದುನ ಮತ್ತೆ ಆ ಮಾತೆತ್ತಿರಲಿಲ್ಲ. ಆದರೆ ಒಂದು ವಾರ ಟಬ್ಬು ಎತ್ತಿದ ಅಕ್ಕನ ತೋಳುಗಳೂ ಈಗ ಅದನ್ನೇ ಹೇಳುತ್ತಿದ್ದವು.

ಡಬ್ಬ ತುಂಬಿದರು. ಪಟ್ಟಿಯಿಂದ ಗೀರಿ ಸಮ ಮಾಡಿದರು. ಎತ್ತಿಕೊಂಡು ಹೋಗಿ ಹಾಲಿನ ಕ್ಯಾನು ತೂಗುವ ತಕ್ಕಡಿಯ ಮೇಲೆ ಇಟ್ಟರು.

ಹಳೆಯ ಗಿರಣಿಯ ಹಿಂಡಿ ಚಕ್ಕೆ ಚಕ್ಕೆಯಾಗಿ ಬರುತ್ತಿತ್ತು. ಚಕ್ಕೆಗಳ ನಡುವೆ ಸಂದಿ, ಸಂದಿಯಲ್ಲಿ ಗಾಳಿ. ಹೊಸ ಗಿರಣಿಯದು ನುಣ್ಣಗೆ ಪುಡಿ. ಮೊದಲ ಲೋಡು ಬಂದಾಗ ಇನ್ನು ಹೆಂಟೆ ಕುಟ್ಟುವ ಕೆಲಸವಿಲ್ಲ ಎಂದು ಅಕ್ಕ ಖುಷಿಪಟ್ಟಿದ್ದರು, ಅಗಿದು ನೋಡಿ ಅಪರೂಪಕ್ಕೆ ಹೊಗಳಿಯೂ ಇದ್ದರು. ಅದೇ ಡಬ್ಬ, ಅದೇ ಅಂಚು, ಅದೇ ಪಟ್ಟಿ. ಆದರೆ ಪುಡಿಯಾದ ಹಿಂಡಿ ಸಂದಿ ಬಿಡದೆ ಒತ್ತಾಗಿ ಕೂರುತ್ತದೆ. ಮೂರು ಡಬ್ಬ ಹಾಕಿದರೆ ಹಳೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಡಬ್ಬದಷ್ಟು ಬೀಳುತ್ತಿತ್ತು. ಕದ್ದು ಹಾಕುತ್ತಿದ್ದವರು ಯಾರೂ ಇರಲಿಲ್ಲ. ಹಗಲು ಹೊತ್ತಿನಲ್ಲೇ, ಎಲ್ಲರ ಕಣ್ಣೆದುರೇ, ಅಕ್ಕನೇ ಹಾಕುತ್ತಿದ್ದರು.

"ಕಲಬೆರಕೆ ಹುಡುಕ್ತಾ ಕೂತಿದ್ದೆ. ಜಾಸ್ತಿ ಆಗಿದ್ದು ಒಳ್ಳೇ ಹಿಂಡಿನೇ. ಅದು ನನ್ನ ನಾಲಿಗೆಗೆ ಹೆಂಗೆ ಗೊತ್ತಾಗಬೇಕು?"

ಅವತ್ತೇ ಯಜಮಾನರ ಮುಂದೆ ನಿಂತು, ನೀವು ಕೇಳಿದ ಹೆಸರು ನನ್ನದೇ ಎಂದರು. ಯಜಮಾನರು ಮೊದಲು ನಂಬಲಿಲ್ಲ. ಮೈದುನನನ್ನು ಉಳಿಸಿಕೊಳ್ಳಲು ಹೂಡಿದ ನಾಟಕವೆಂದುಕೊಂಡರು. ತಕ್ಕಡಿಯ ಹತ್ತಿರ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಉಳಿದಿದ್ದ ಹಳೆಯ ಚಕ್ಕೆಯ ಅರೆಮೂಟೆಯನ್ನೂ ಬಿಚ್ಚಿ, ಎರಡನ್ನೂ ತೂಗಿ ತೋರಿಸಿದ ಮೇಲೆ ಅವರು ತಲೆ ಕೆರೆದುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಬೈಗುಳವೇನೋ ಧಾರಾಳವಾಗಿ ಬಿತ್ತು, ಅಕ್ಕ ಅದನ್ನು ಪೂರ್ತಿ ಕೇಳಿಸಿಕೊಂಡರು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಎನ್ನುತ್ತಾರೆ. ಹೊಸ ಕೊಟ್ಟಿಗೆಯ ಉಸ್ತುವಾರಿ ಮಾತ್ರ ಬೇರೆಯವರ ಪಾಲಾಗಿತ್ತು. ಅದು ಮೈದುನನಿಗೆ ಹಿಂದಿರುಗಿ ಬರಲಿಲ್ಲ.

ಈಗ ಡಬ್ಬದಿಂದ ಅಳೆಯುವುದು ನಿಂತಿದೆ. ಪ್ರತಿ ಟಬ್ಬೂ ತಕ್ಕಡಿ ಹತ್ತಿಯೇ ಡ್ರಮ್ಮಿಗೆ ಹೋಗುತ್ತದೆ. ತೂಗುವವರು ಮೈದುನ. ಅದು ಅಕ್ಕನದೇ ಪಟ್ಟು. ಕೊಟ್ಟಿಗೆಯ ಘಾಟು ಇಳಿದಿದೆ, ಸೆಗಣಿ ಗುಪ್ಪೆ ಕಟ್ಟುತ್ತಿದೆ, ಗಯ್ಯಾಳಿ ಸೇರಿದಂತೆ ಹಲವು ಹಸುಗಳು ಗಬ್ಬ ನಿಂತಿವೆ. ಕೆಲವು ಮಾತ್ರ ಅಷ್ಟರೊಳಗೆ ಗಾಡಿ ಹತ್ತಿ ಹೋಗಿದ್ದವು. ಅವು ಯಾವ ಯಾವ ಕಂಬದಲ್ಲಿ ಇದ್ದವೆಂದು ಅಕ್ಕ ಕೈ ಮಾಡಿ ತೋರಿಸುತ್ತಾರೆ, ಅವುಗಳ ಬಗ್ಗೆ ಮಾತಾಡುವುದಿಲ್ಲ.

ಇಷ್ಟಾದರೂ ಅಂಟಿದ ಮಾತು ಹೋಗಿಲ್ಲ. ಹಿಂಡಿ ಕೋಣೆಯ ಮುಂದೆ ಮೈದುನ ನಿಂತಿದ್ದರೆ ಇಂದಿಗೂ ಯಾರಾದರೊಬ್ಬರು ಇಣುಕಿ ಹೋಗುತ್ತಾರೆ. ತಕ್ಕಡಿ ಕಥೆ ಅತ್ತಿಗೆ ಕಟ್ಟಿದ್ದು, ಮನೆಯ ಮಾನ ಮುಚ್ಚಿಕೊಳ್ಳಲು ಎಂದು ಆಡುವವರಿದ್ದಾರೆ. ಗುಮಾನಿ ಅಕ್ಕ ತಾನಾಗಿ ತಪ್ಪು ಒಪ್ಪಿಕೊಂಡಳೆಂದರೆ ಅದರಲ್ಲೇನೋ ಇದೆ ಎಂಬುದು ಎಲ್ಲರ ಗುಮಾನಿ. ಅದನ್ನು ಅವರಿಗೆ ಕಲಿಸಿದ್ದು ಅಕ್ಕನೇ, ಈಗ ಯಾರನ್ನು ದೂರುವುದು? ಮೈದುನ ಕೆಲಸದ ಮಾತಷ್ಟೇ ಆಡುತ್ತಾರೆ. ಅತ್ತಿಗೆಯ ಬಗ್ಗೆ ಕೇಳಿದರೆ, "ಅವರು ನನ್ನನ್ನ ಬೆಳೆಸಿದೋರು. ಬೇರೆ ಯಾರಾದ್ರೂ ಹಂಗೆ ನೋಡಿದ್ದಿದ್ರೆ ಜಗಳ ಆಡಿ ಮರೀತಿದ್ದೆ" ಎಂದು ಹೇಳಿ ಟಬ್ಬು ಎತ್ತಲು ಬಗ್ಗುತ್ತಾರೆ.

ಬೆಳಗಿನ ಕರೆಯುವ ಕೆಲಸ ಮುಗಿದು ಎಲ್ಲರೂ ಟೀ ಕುಡಿಯಲು ಹಿಂಡಿ ಕೋಣೆಯ ಮುಂದೆ ಸೇರುತ್ತಾರೆ. ಸಿಳ್ಳೆ ಇದ್ದಾನೆ, ಲಾರಿಯವನಿದ್ದಾನೆ, ಸೆಗಣಿ ಬಾಚುವ ಇಬ್ಬರು ಹೆಂಗಸರಿದ್ದಾರೆ. ಮೈದುನ ಸ್ವಲ್ಪ ದೂರದಲ್ಲಿ ತಕ್ಕಡಿಗೆ ಒರಗಿ ನಿಂತಿದ್ದಾರೆ. ಅಕ್ಕ ಇದೇ ಹೊತ್ತಿಗೆ ಕಾಯುತ್ತಿದ್ದವರಂತೆ ಎದ್ದು ನಿಂತು, ಬರೆಯಲು ಬಂದವರನ್ನು ಕರೆದು, "ಈಗ ಬರ್ಕೊಳ್ಳಿ. ಎಲ್ಲರಿಗೂ ಕೇಳೋ ಹಂಗೆ ಹೇಳ್ತೀನಿ" ಎನ್ನುತ್ತಾರೆ. ಹಿಂಡಿ ಹೆಚ್ಚು ಬಿದ್ದದ್ದು ನನ್ನಿಂದ, ನನ್ನ ಮೈದುನ ಒಂದು ಹಿಡಿಯನ್ನೂ ಕದ್ದು ಹಾಕಿಲ್ಲ ಎಂದು ಒಂದೊಂದೇ ಪದ ಬಿಡಿಸಿ ಹೇಳುತ್ತಾರೆ.

"ಸಾಕು ಬಿಡಿ ಅತ್ತಿಗೆ" ಎನ್ನುತ್ತಾರೆ ಮೈದುನ.

"ನೀನು ಸುಮ್ನಿರು" ಎಂದು ಗದರಿ, ಅಕ್ಕ ಬರೆಯಲು ಬಂದವರ ಕಡೆ ತಿರುಗುತ್ತಾರೆ. "ಬರೆದಿದ್ದನ್ನ ಓದಿ. ನೀವು ಏನು ಬರ್ಕೊಂಡಿದ್ದೀರೋ ನನಗೇನು ಗೊತ್ತು?"

ಓದಲಾಗುತ್ತದೆ. "ಅಕ್ಕನ ಕೈತಪ್ಪಿನಿಂದ ಹಿಂಡಿ ಹೆಚ್ಚಾಗಿತ್ತು. ಮೈದುನನದು ಯಾವ ತಪ್ಪೂ ಇರಲಿಲ್ಲ."

ಅಕ್ಕ ತಲೆಯಾಡಿಸುತ್ತಾರೆ. "ಕೈತಪ್ಪು ಅಂತ ಯಾರು ಹೇಳಿದ್ರು ನಿಮಗೆ? ನನ್ನ ಕೈ ಸರಿಯಾಗೇ ಇತ್ತು, ಡಬ್ಬನೂ ಸರಿಯಾಗೇ ಇತ್ತು. ಭಾರ ಆಗಿದೆ ಅತ್ತಿಗೆ ಅಂತ ಇವನು ಮೊದಲ ದಿನವೇ ಹೇಳಿದ. ನಾನು ನಂಬಲಿಲ್ಲ. ಅಷ್ಟೇ ಆಗಿದ್ದು. ಅದನ್ನ ಬರೀರಿ."

ಮೊದಲು ಬರೆದದ್ದನ್ನು ಹೊಡೆದು ಅವರು ಹೇಳಿದಂತೆಯೇ ಬರೆಯಲಾಗುತ್ತದೆ. ಅದನ್ನೂ ಇನ್ನೊಮ್ಮೆ ಓದಿಸಿಕೊಳ್ಳುತ್ತಾರೆ. ಸಿಳ್ಳೆ ಲೋಟದಲ್ಲಿ ಉಳಿದ ಟೀಯನ್ನು ನೋಡುತ್ತಾ ನಿಂತಿದ್ದಾನೆ. ಮೈದುನ ತಕ್ಕಡಿಯಿಂದ ಈಚೆ ಬಂದು, ಅತ್ತಿಗೆಯ ಮುಖ ನೋಡದೆ ಹೇಳುತ್ತಾರೆ.

"ಮೊದಲ ಡ್ರಮ್ಮಿಂದು ತೂಗಿ ಆಯ್ತು ಅತ್ತಿಗೆ. ಸರಿ ಇದೆ. ಬಂದು ನೋಡ್ತೀರಾ?"

ಅಕ್ಕ ಎರಡು ಹೆಜ್ಜೆ ತಕ್ಕಡಿಯ ಕಡೆ ಇಟ್ಟೇಬಿಡುತ್ತಾರೆ. ಅಲ್ಲಿಗೆ ನಿಂತು, ತಲೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡು ಕೊಟ್ಟಿಗೆಯ ಕಡೆ ತಿರುಗುತ್ತಾರೆ.

"ನೀನು ಸರಿ ಇದೆ ಅಂದ್ಮೇಲೆ ನೋಡೋದೇನಿದೆ? ಮೋಟಾರು ಹಾಕು."